ಸುಗ್ಗಿಯ ಗಡಿಯಾಚೆ ಒಂದು ಜೊತೆ ಬೂಟು

ನನ್ನ ಮಗಳು ಹುಟ್ಟಿದ್ದು ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ. ಆ ಕಾಲದಲ್ಲಿ ನಮ್ಮ ಕಡೆ ಹುಟ್ಟುವುದಕ್ಕೂ ಸಾಯುವುದಕ್ಕೂ ಯಾರಿಗೂ ಪುರುಸೊತ್ತಿರುವುದಿಲ್ಲ. ನಮ್ಮ ಮನೆಯವರು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಹಣ್ಣಿನ ತೂಕ, ಕಣದ ಕಾವಲು ಎಲ್ಲ ಅವರ ತಲೆ ಮೇಲೆ. ನನ್ನದು ದೋಣಿಗಲ್ ಹತ್ತಿರ ಹೆದ್ದಾರಿ ಬದಿಯಲ್ಲೊಂದು ಅಂಗಡಿ. ಬೆಣ್ಣೆಹಣ್ಣು, ಕಿತ್ತಳೆ, ಕಾಳುಮೆಣಸು, ಜೇನುತುಪ್ಪ, ಟೀ, ಬೇಯಿಸಿದ ಜೋಳ. ಘಾಟಿ ಇಳಿಯುವ ಬಸ್ಸುಗಳ ಕಿಟಕಿಗೆ ಬುಟ್ಟಿ ಎತ್ತಿ ಹಿಡಿದು ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದವಳು ನಾನು. ಆ ಬುಟ್ಟಿ ಮೇಜಾಯಿತು, ಮೇಜಿಗೆ ತಗಡಿನ ಮಾಡು ಬಂತು, ಆಮೇಲೆ ಹಿಂದುಗಡೆ ಒಂದು ಕೋಣೆಯೂ ಎದ್ದಿತು. ಅದರಲ್ಲಿ ಯಾರ ಕೊಡುಗೆಯೂ ಇಲ್ಲ, ನನ್ನ ಬಾಯಿ ಒಂದನ್ನು ಬಿಟ್ಟು.

ವ್ಯಾಪಾರ ಮಾಡುವವರಿಗೆ ನಾನು ಯಾವಾಗಲೂ ಹೇಳುವುದಿದೆ. ಬೆಲೆ ಹೇಳುವಾಗ ಗಿರಾಕಿಯ ಮುಖ ನೋಡಬೇಡಿ, ಕೈ ನೋಡಿ. ಬಾಯಲ್ಲಿ "ಜಾಸ್ತಿ ಆಯ್ತು" ಅನ್ನುವವನ ಕೈ ಇನ್ನೂ ಹಣ್ಣು ಹಿಡಿದುಕೊಂಡೇ ಇದ್ದರೆ ಅವನು ಹೋಗುವುದಿಲ್ಲ. ಹಣ್ಣು ಕೆಳಗಿಟ್ಟ ಅಂದರೆ ಮಾತ್ರ ಇಳಿಸಿ. ಈ ಲೆಕ್ಕ ಇಟ್ಟುಕೊಂಡೇ ನಾನು ಜೀವನದಲ್ಲಿ ಬಹಳಷ್ಟನ್ನು ಸಂಭಾಳಿಸಿದ್ದೆ. ಎಲ್ಲದಕ್ಕೂ ಒಂದು ಇಳಿಯುವ ಬೆಲೆ ಇರುತ್ತದೆ ಅಂತಲೇ ತಿಳಿದಿದ್ದೆ.

ಹೆರಿಗೆಯಾದ ಮೇಲೆ ನರ್ಸಮ್ಮ ಮಗುವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಮುಖ ಮಾತ್ರ ತೋರಿಸಿದರು. ನಾನು ಕೇಳಲಿಲ್ಲ, ಅತ್ತೆ ಕೇಳಿದರು. "ಕೈಕಾಲು ತೋರ್ಸವ್ವ ತಾಯಿ." ಬಟ್ಟೆ ಬಿಚ್ಚಿದರು. ಎಡಗಾಲು ಸರಿಯಿತ್ತು. ಬಲಗಾಲಿನ ಪಾದ ಒಳಕ್ಕೆ ಮಡಚಿಕೊಂಡಿತ್ತು. ಅಂಗಾಲು ನೆಲ ನೋಡುವ ಬದಲು ಪಕ್ಕದ ಕಾಲನ್ನು ನೋಡುತ್ತಿತ್ತು. ಕೈಯಲ್ಲಿ ಮೆಲ್ಲಗೆ ನೇರ ಮಾಡಿದರೆ ಸ್ವಲ್ಪ ಬರುತ್ತಿತ್ತು, ಬಿಟ್ಟರೆ ಹೋಗಿ ತನ್ನ ಜಾಗಕ್ಕೇ ಸೇರುತ್ತಿತ್ತು.

ಅತ್ತೆ ಆ ಪಾದವನ್ನು ತಮ್ಮ ಅಂಗೈಯಲ್ಲಿ ಮುಚ್ಚಿಕೊಂಡು ಕೂತರು.

ಅತ್ತೆಯ ಬಗ್ಗೆ ಹೇಳಬೇಕು. ನಮ್ಮೂರಲ್ಲಿ ಎಳೆಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವುದು ಅಂದರೆ ಅವರೇ. ಮಣೆ ಮೇಲೆ ಕೂತು, ಕಾಲು ನೀಡಿ, ಮೊಣಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬಿಸಿನೀರು ಹೊಯ್ದರೆ ಎಂಥ ಹಟಮಾರಿ ಕೂಸೂ ಸಂಜೆವರೆಗೆ ಏಳುತ್ತಿರಲಿಲ್ಲ. ಊರಿನ ಅರ್ಧ ಜನ ಅವರ ಕಾಲ ಮೇಲೆ ಮಿಂದವರೇ. ದಪ್ಪ ಮೀಸೆ ಬಿಟ್ಟವರನ್ನು ಕೂಡ "ಇವನು ನನ್ನ ಸೀರೆ ಎಷ್ಟು ಸಲ ಒದ್ದೆ ಮಾಡವ್ನೆ ಗೊತ್ತಾ" ಅಂತ ನಾಲ್ಕು ಜನರ ಎದುರು ಅಂದುಬಿಡುತ್ತಿದ್ದರು. ಸ್ವಂತ ಮೊಮ್ಮಗಳಿಗೆ ಎರೆಯಲು ಅವರು ವರ್ಷಗಟ್ಟಲೆ ಕಾದಿದ್ದರು.

ಹಾಸನದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಒಬ್ಬ ಹೆಂಗಸು. ಮಗುವಿನ ಕಾಲು ಹಿಡಿದು ತಿರುಗಿಸಿ ನೋಡಿ ಹೇಳಿದರು, "ಇದು ಯಾರ ತಪ್ಪೂ ಅಲ್ಲ. ಕೆಲವು ಮಕ್ಕಳು ಹೀಗೇ ಹುಟ್ಟುತ್ವೆ. ವಾರ ವಾರ ಸ್ವಲ್ಪ ಸ್ವಲ್ಪ ನೇರ ಮಾಡಿ ಪ್ಲಾಸ್ಟರ್ ಹಾಕ್ತೀನಿ. ಕೊನೆಗೆ ಹಿಮ್ಮಡಿ ಹಿಂದಿನ ನರ ಸ್ವಲ್ಪ ಸಡಿಲ ಮಾಡ್ಬೇಕು. ಆಮೇಲೆ ಬೂಟು ಕೊಡ್ತೀನಿ. ಪ್ಲಾಸ್ಟರ್ ನನ್ನ ಕೆಲಸ. ಬೂಟು ನಿಮ್ಮ ಕೆಲಸ."

"ನಡೀತಾಳಾ ಡಾಕ್ಟ್ರೇ?"

"ನಿಮ್ಮ ಕೆಲಸ ನೀವು ಮಾಡಿದ್ರೆ ನಡೀತಾಳೆ."

ತೊಡೆಯವರೆಗೆ ಪ್ಲಾಸ್ಟರ್ ಬಿತ್ತು. ನೀರು ತಾಗುವಂತಿಲ್ಲ. ಎರೆಯುವುದು ಅಲ್ಲಿಗೆ ನಿಂತಿತು. ಅತ್ತೆ ದಿನಾ ಒದ್ದೆ ಬಟ್ಟೆ ಹಿಂಡಿ ಮುಖ, ಕೈ, ಬೆನ್ನು ಒರೆಸುತ್ತಿದ್ದರು. ಹಂಡೆಯಲ್ಲಿ ನೀರು ಕುದಿಯುತ್ತಿದ್ದರೂ ಮಣೆ ಗೋಡೆಗೆ ಒರಗಿಸಿಟ್ಟಲ್ಲೇ ಇರುತ್ತಿತ್ತು. ವಾರಕ್ಕೊಂದು ಸಲ, ಹಾಸನಕ್ಕೆ ಹೊರಡುವ ದಿನ ಬೆಳಿಗ್ಗೆ, ಹಳೆ ಪ್ಲಾಸ್ಟರನ್ನು ಬೆಚ್ಚನೆ ನೀರಲ್ಲಿ ನೆನೆಸಿ ಬಿಚ್ಚಬಹುದು ಅಂತ ಡಾಕ್ಟರು ಹೇಳಿಕೊಟ್ಟಿದ್ದರು. ಆವತ್ತು ಮಾತ್ರ ಅವರ ರಾಜ್ಯ. ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಆ ಸೊರಗಿದ ಕಾಲಿಗೆ ಎಣ್ಣೆ ಹಚ್ಚಿ, ಎಷ್ಟು ಹೊತ್ತಾದರೂ ಬಿಡುತ್ತಿರಲಿಲ್ಲ. "ಅತ್ತೆ, ಬಸ್ಸು ಹೋಯ್ತದೆ." "ಹೋದ್ರೆ ಇನ್ನೊಂದು ಬತ್ತದೆ. ಇದು ಬರೋದು ಇನ್ನು ಬರೋ ವಾರ."

ತೊಟ್ಟಿಲ ಶಾಸ್ತ್ರದ ದಿನ ಬಂದ ಹೆಂಗಸರೆಲ್ಲ ತೊಟ್ಟಿಲೊಳಗೆ ಬಗ್ಗಿ ನೋಡಿದರು. ನಾನು ಶಾಲು ಹೊದಿಸಿದ್ದೆ. ಆದರೂ ಒಬ್ಬರು ಮೆಲ್ಲಗೆ ಎತ್ತಿದರು. "ಗ್ರಹಣದಲ್ಲಿ ಏನಾರ ಹೆಚ್ಚಿದ್ಯಾ?" ಅಂತ ಕೇಳಿದರು. "ಬಸುರೀಲಿ ಅಂಗಡೀಲಿ ನಿಂತ್ಕೊಂಡೇ ಇದ್ಯಲ್ಲ, ಅದುಕ್ಕೇ" ಅಂದರು ಇನ್ನೊಬ್ಬರು. ನಿಮ್ಮ ಮನೆಯಲ್ಲೂ ಇಂಥ ಮಗು ಹುಟ್ಟಿದರೆ ಒಂದು ಮಾತು ಕೇಳಿ. ಕಾರಣ ಹೇಳುವವರ ಜೊತೆ ವಾದಕ್ಕೆ ಇಳಿಯಬೇಡಿ. ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ ಅಂತ ತಿಂಗಳು ಕಳೆಯಬೇಡಿ. ಕೂಸು ಎಳೆಯದಾಗಿರುವಾಗಲೇ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲೇ ಮೊದಲು ಕೇಳಿ. ಬಸ್ಸಿನಲ್ಲಿ ಕಾಲು ಯಾರಿಗೂ ತಾಗದಂತೆ ಕಿಟಕಿ ಕಡೆ ಕೂರಿ. ಪ್ಲಾಸ್ಟರಿನ ತುದಿಯಲ್ಲಿ ಕಾಣುವ ಬೆರಳುಗಳ ಬಣ್ಣ ಆಗಾಗ ನೋಡುತ್ತಿರಿ. ಬೆರಳು ಕಪ್ಪಾದರೆ ಊಟ ಬಿಟ್ಟು ಓಡಿ.

ಮೊದಲ ಮಳೆ ಬಿದ್ದು ತೋಟ ಬೆಳ್ಳಗೆ ಹೂವಾಯಿತು. ಆ ವಾರವೇ ಪ್ಲಾಸ್ಟರ್ ಮುಗಿದು ಬೂಟು ಬಂತು. ಎರಡು ಪುಟ್ಟ ಚರ್ಮದ ಬೂಟು, ಎರಡನ್ನೂ ಜೋಡಿಸಿದ ಒಂದು ಕಬ್ಬಿಣದ ಪಟ್ಟಿ. ಪಾದಗಳನ್ನು ಹೊರಮುಖವಾಗಿ ತಿರುಗಿಸಿ ಹಿಡಿಯುವ ಹಾಗೆ ಮಾಡಿದ್ದು. ಬಿಗಿಯಲು ಚರ್ಮದ ಪಟ್ಟಿ, ಬಕಲ್ಲು. ಡಾಕ್ಟರು ಹೇಳಿದರು, "ಮೂರು ತಿಂಗಳು ದಿನಕ್ಕೆ ಇಪ್ಪತ್ತಮೂರು ಗಂಟೆ. ಆಮೇಲೆ ರಾತ್ರಿ ಹೊತ್ತು ಮತ್ತೆ ಮಲಗಿದಾಗೆಲ್ಲ, ನಾಲ್ಕು ವರ್ಷ ತುಂಬೋವರೆಗೆ."

ಉಳಿದ ಒಂದು ಗಂಟೆ ಸ್ನಾನಕ್ಕೆ. ಅತ್ತೆಯ ಮುಖ ಅರಳಿತು. ನನಗೆ ಮಾತ್ರ ಬಾಯಿ ಸುಮ್ಮನಿರಲಿಲ್ಲ.

"ಡಾಕ್ಟ್ರೇ, ಎಳೆ ಕೂಸು. ಇಪ್ಪತ್ತು ಗಂಟೆ ಮಾಡ್ಕೊಡಿ."

"ಅಮ್ಮಾ, ನಾನೇನು ಮಾರ್ತಾ ಇಲ್ಲ."

"ಇಪ್ಪತ್ತೊಂದು?"

ಅವರು ನಗಲಿಲ್ಲ. ಮಗುವಿನ ಹಿಮ್ಮಡಿಯನ್ನು ಬೂಟಿನೊಳಕ್ಕೆ ಒತ್ತಿ ಕೂರಿಸಿ, ಪಟ್ಟಿಯನ್ನು ಒಂದು ತೂತಿಗೆ ಎಳೆದು ಹಾಕಿ, "ಈ ತೂತು. ಇದಕ್ಕಿಂತ ಸಡಿಲ ಬೇಡ. ಈ ಪಾದಕ್ಕೆ ಹಿಂದಕ್ಕೆ ಹೋಗೋ ದಾರಿ ಗೊತ್ತು. ಬಿಟ್ಟರೆ ಹೋಗೇ ಹೋಗತ್ತೆ" ಅಂದರು. ನಾನು ಅವರ ಕೈ ನೋಡಿದೆ. ಬಕಲ್ಲಿನ ಮೇಲಿನ ಹೆಬ್ಬೆರಳು ಸಡಿಲವಾಗಲೇ ಇಲ್ಲ. ಇಳಿಯುವ ಬೆಲೆ ಇಲ್ಲ ಅಂತ ಗೊತ್ತಾಯಿತು.

ಮೊದಲ ದಿನಗಳು ಅಳುವಿನಲ್ಲೇ ಹೋದವು. ಆಮೇಲೆ ಅವಳೇ ಉಪಾಯ ಕಂಡುಕೊಂಡಳು. ಒಂದೊಂದೇ ಕಾಲು ಒದೆಯಲು ಹೋದರೆ ಕಬ್ಬಿಣ ಬಿಡುವುದಿಲ್ಲ, ಎರಡನ್ನೂ ಒಟ್ಟಿಗೆ ಎತ್ತಿ ಕುಕ್ಕಿದರೆ ತೊಟ್ಟಿಲೇ ಅಲ್ಲಾಡುತ್ತದೆ. ಅದು ಗೊತ್ತಾದ ಮೇಲೆ ಅಳು ನಿಂತಿತು, ತೊಟ್ಟಿಲ ಸದ್ದು ಶುರುವಾಯಿತು.

ಅಷ್ಟರಲ್ಲಿ ಸುಗ್ಗಿ ಬಂತು.

ನಮ್ಮ ಕಡೆಯ ಸುಗ್ಗಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯುಗಾದಿ ಕಳೆದ ಮೇಲೆ ಊರದೇವಿಯ ಹೆಸರಲ್ಲಿ ಸುಗ್ಗಿ ಹಬ್ಬ ಸಾರುತ್ತಾರೆ. ಸಾರಿದ ಮೇಲೆ ಹಲವು ದಿನ, ಅದು ಮುಗಿಯುವ ತನಕ, ಊರ ಗಡಿಯೊಳಗೆ ಯಾರೂ ಕಾಲಿಗೆ ಚಪ್ಪಲಿ ಮೆಟ್ಟುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ, ಹಸಿಮರ ಕಡಿಯುವಂತಿಲ್ಲ. ಪೇಟೆಯಿಂದ ಕಾರಲ್ಲಿ ಬರುವ ದೊಡ್ಡ ಪ್ಲಾಂಟರೂ ಗಡಿಕಲ್ಲಿನ ಹತ್ತಿರ ಶೂ ಬಿಚ್ಚಿ ಕಾರಲ್ಲೇ ಇಟ್ಟು ಬರಿಗಾಲಲ್ಲಿ ನಡೆಯುತ್ತಾರೆ. ತಪ್ಪಿದರೆ ದಂಡ ಹಾಕುವವರು ಯಾರೂ ಇಲ್ಲ. ತಪ್ಪಿದ್ದನ್ನು ನಾನು ನೋಡಿಲ್ಲ.

ನಾನು ನೆಟ್ಟಗೆ ಊರ ಗೌಡರ ಮನೆಗೆ ಹೋದೆ. ಸುಗ್ಗಿ ನಡೆಸುವ ಹಿರಿಯರು ಅವರು.

"ಅದು ಚಪ್ಪಲಿ ಅಲ್ಲ ಗೌಡ್ರೇ, ಔಷಧಿ."

"ಚರ್ಮ ಐತಲ್ಲವ್ವ."

"ಮೇಲೆ ಬಟ್ಟೆ ಸುತ್ತುತೀನಿ."

"ಸುತ್ತಿದ್ರೆ ಒಳಗಿನ ಚರ್ಮ ಎಲ್ಲಿಗೋಯ್ತದೆ? ನಂಗೆ ಬೆಣ್ಣೆಹಣ್ಣು ಮಾರಕ್ಕೆ ಬಂದೀಯ?"

"ಕೂಸು ಇನ್ನೂ ನಡೆಯಲ್ಲ, ಮೆಟ್ಟಲ್ಲ. ನೆಲನೇ ಮುಟ್ಟದಿದ್ದರೆ ಅದು ಮೆಟ್ಟು ಹೆಂಗಾಯ್ತದೆ?"

ಗೌಡರು ಎಲೆ ಅಡಿಕೆ ಅಗಿಯುತ್ತ ಯೋಚಿಸಿದರು. ಕೊನೆಗೆ, "ತೊಟ್ಟಿಲಲ್ಲೇ ಇರ್ಲಿ. ಬೂಟು ನೆಲ ಮುಟ್ಟಬಾರದು, ಹೊಸಿಲು ದಾಟಬಾರದು" ಅಂದರು. ನಾನು ಗೆದ್ದೆ ಅಂದುಕೊಂಡೆ. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು "ಹ್ಞೂಂ" ಅಂದರು. ಆ ಹ್ಞೂಂ ಒಪ್ಪಿಗೆಯೋ ಅಲ್ಲವೋ ಅಂತ ನೋಡುವಷ್ಟು ನನಗೆ ವ್ಯವಧಾನ ಇರಲಿಲ್ಲ. ಮಕ್ಕಳಿಗೆ ಬೇಸಿಗೆ ರಜ, ಹೆದ್ದಾರಿಯಲ್ಲಿ ಕಾರುಗಳ ಸಾಲು. ವರ್ಷದ ವ್ಯಾಪಾರದ ಅರ್ಧ ಆ ದಿನಗಳಲ್ಲೇ. ಹಗಲೆಲ್ಲ ನಾನು ಅಂಗಡಿಯಲ್ಲಿ, ಮಗು ಅತ್ತೆಯ ಹತ್ತಿರ.

ಸುಗ್ಗಿ ಮುಗಿದ ಮೇಲೆ ಒಂದು ದಿನ ನಾನೇ ಬೂಟು ಹಾಕುವಾಗ ಹಿಮ್ಮಡಿ ಕೆಳಕ್ಕೆ ಕೂರಲಿಲ್ಲ. ಒತ್ತಿದರೆ ಮೇಲಕ್ಕೆ ಜಾರುತ್ತಿತ್ತು. ಮಗು ಕಿರುಚಿಕೊಂಡಳು. ಮಾರನೆ ದಿನವೇ ಹಾಸನಕ್ಕೆ ಹೊರಟೆವು.

ಡಾಕ್ಟರು ಕಾಲು ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು. "ದಿನಕ್ಕೆ ಎಷ್ಟು ಹೊತ್ತು ಹಾಕ್ತಿದ್ರಿ?"

"ನೀವು ಹೇಳಿದಷ್ಟೂ ಡಾಕ್ಟ್ರೇ. ಸ್ನಾನಕ್ಕೆ ಬಿಚ್ಚಿದ್ದು ಬಿಟ್ರೆ..."

"ಇಲ್ಲ ಡಾಕ್ಟ್ರಮ್ಮ." ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಸೆರಗನ್ನು ಕೈಯಲ್ಲಿ ಹಿಂಡುತ್ತಿದ್ದರು. "ನಾನು ಬಿಚ್ಚಿಡ್ತಿದ್ದೆ. ಬೆಳಿಗ್ಗೆ ಇವಳು ಅತ್ಲಾಗೆ ಹೋಗುತ್ಲೂ ಬಿಚ್ಚಿ ಸೌದೆ ಕೊಟ್ಟಿಗೇಲಿ ಇಡ್ತಿದ್ದೆ. ಸಂಜೆ ಇವಳು ಬರೋಷ್ಟರಲ್ಲಿ ಹಾಕ್ತಿದ್ದೆ. ಸುಗ್ಗಿ ಮುಗಿಯೋಗಂಟ."

"ಯಾಕಜ್ಜಿ?"

"ಗೌಡ್ರು ಒಪ್ಪವ್ರೆ. ಊರಮ್ಮ ಒಪ್ಪವ್ಳೋ ಇಲ್ವೋ ಯಾರಿಗೆ ಗೊತ್ತು? ಹುಟ್ಟುತ್ಲೇ ಒಂದು ಕಾಲು ಹಿಡ್ಕೊಂಡವ್ಳೆ. ಇನ್ನೊಂದನ್ನೂ ಹಿಡ್ಕೊಂಡ್ರೆ?"

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. "ಮತ್ತೆ ಪ್ಲಾಸ್ಟರ್" ಅಂದರು. "ಮತ್ತೆ ಬೂಟು, ಮತ್ತೆ ಮೊದಲಿಂದ ಮೂರು ತಿಂಗಳು. ಈ ಸಲ ಹಿಂಗಾದ್ರೆ ದೊಡ್ಡ ಆಪರೇಷನ್. ಆಗ ಕಾಲು ಪೆಡಸಾಗೇ ಉಳಿಯತ್ತೆ, ಪಾದ ಬಾಗಲ್ಲ."

ಬಸ್ಸಿನಲ್ಲಿ ಮಗು ಹೊಸ ಪ್ಲಾಸ್ಟರಿನ ಭಾರಕ್ಕೆ ಸುಸ್ತಾಗಿ ನನ್ನ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಆಲೂರು ದಾಟಿದ ಮೇಲೆ ಅತ್ತೆ ಅಂದರು, "ಬೈದುಬುಡು ಕಣವ್ವ. ಹಿಂಗೆ ಸುಮ್ಕಿರಬ್ಯಾಡ."

"ಬೈದ್ರೆ ಕಾಲು ನೆಟ್ಟಗಾಯ್ತದಾ ಅತ್ತೆ?"

ಅವರು ಕಿಟಕಿ ಕಡೆ ತಿರುಗಿಕೊಂಡರು. ನನ್ನ ಹೊಟ್ಟೆಯಲ್ಲಿ ಸಿಟ್ಟು ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಸಕಲೇಶಪುರ ಬರುವಷ್ಟರಲ್ಲಿ ವ್ಯಾಪಾರದವಳ ತಲೆ ತನ್ನಷ್ಟಕ್ಕೆ ಕೆಲಸ ಮಾಡಿತು. ಯಾವ ಒಪ್ಪಂದದಲ್ಲೂ ಮಾಲು ಯಾರ ಕೈಯಲ್ಲಿದೆಯೋ ಅವರ ಜೊತೆ ಮಾತು ಮುಗಿಸಬೇಕು. ನಾನು ಗೌಡರ ಜೊತೆ ಮುಗಿಸಿದ್ದೆ. ಹಗಲೆಲ್ಲ ಮಗುವನ್ನು ಹಿಡಿದು, ದೇವರ ಭಯವನ್ನೂ ಹಿಡಿದು ಕೂತವರು ಅತ್ತೆ. ಅವರಿಗೆ ಏನು ಭಯ ಅಂತ ಯಾರೂ ಕೇಳಿರಲಿಲ್ಲ. ಇದನ್ನು ಓದುವ ಚಿಕ್ಕ ವಯಸ್ಸಿನ ತಾಯಂದಿರಿಗೆ ನನ್ನ ಸಲಹೆ ಇಷ್ಟೇ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಹಿರಿಯರು "ಹ್ಞೂಂ" ಅಂದರೆ ಪಕ್ಕದಲ್ಲಿ ಕೂತು ಇನ್ನೊಂದು ಸಲ ಕೇಳಿ.

ಮಳೆಗಾಲ ಹಿಡಿಯಿತು. ಪ್ಲಾಸ್ಟರ್ ಮುಗಿದು ಮತ್ತೆ ಬೂಟು ಬಂದಾಗ ಗುಡ್ಡದ ಮೇಲಿನ ಮೋಡ ಅಂಗಳಕ್ಕೇ ಇಳಿದಿತ್ತು. ಆ ಥಂಡಿಗೆ ಚರ್ಮಕ್ಕೆ ಬೂಸ್ಟು ಹಿಡಿಯುತ್ತಿತ್ತು. ನಮ್ಮಲ್ಲಿ ಮಗುವಿನ ಬಟ್ಟೆ ಒಣಗಿಸುವುದು ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ. ಅತ್ತೆ ಬಟ್ಟೆಯನ್ನೆಲ್ಲ ಅದರ ಮೇಲೆ ಹರಡಿದರು, ಬೂಟನ್ನು ಮಾತ್ರ ಹತ್ತಿರ ತರಲಿಲ್ಲ. "ಚರ್ಮ ಬಿಸಿಗೆ ಮುದುಡ್ತದೆ" ಅಂತ ಸ್ನಾನದ ಹೊತ್ತಿನಲ್ಲಿ ಹಳೆ ಪಂಚೆಯ ತುಂಡಿನಿಂದ ಒಳಗೂ ಹೊರಗೂ ಉಜ್ಜುತ್ತಿದ್ದರು. ಆಮೇಲೆ ಹಾಕುವಾಗ ನನ್ನನ್ನು ಕರೆಯುವರು. "ತೂತು ನೋಡು ಬಾ. ಅದೇ ತಾನೆ?" ನೋಡಿ ಹ್ಞೂಂ ಅಂದರೆ ಸಾಲದು, ಮುಟ್ಟಿ ನೋಡಬೇಕಿತ್ತು.

ಬೂಟು ಹಾಕಿಕೊಂಡೇ ಅವಳು ಮಗುಚಿದಳು, ಬೂಟು ಹಾಕಿಕೊಂಡೇ ಅಂಬೆಗಾಲಿಟ್ಟಳು. ಎಲ್ಲ ಮಕ್ಕಳ ಹಾಗಲ್ಲ. ಕೈಯೂರಿ, ಎರಡೂ ಕಾಲನ್ನು ಒಟ್ಟಿಗೆ ಎಳೆದುಕೊಂಡು, ಕಬ್ಬಿಣದ ಪಟ್ಟಿಯನ್ನು ನೆಲಕ್ಕೆ ಉಜ್ಜುತ್ತ. ಅಡುಗೆಮನೆಯಲ್ಲಿ ಕೂತವರಿಗೆ ಅವಳು ಎಲ್ಲಿದ್ದಾಳೆ ಅಂತ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಒಂದು ದಿನ ಆ ಸದ್ದು ಹೊಸಿಲಿನ ಹತ್ತಿರ ನಿಂತಿತು. ಪಟ್ಟಿ ಹೊಸಿಲಿಗೆ ಸಿಕ್ಕಿಕೊಂಡಿತ್ತು. ಎತ್ತಲು ಹೋದ ನನ್ನನ್ನು ಅತ್ತೆ ತಡೆದರು. ಮಗು ಹಿಂದಕ್ಕೆ ಸರಿದಳು, ಅಡ್ಡ ತಿರುಗಿದಳು, ಒಂದು ಬೂಟನ್ನು ಮೊದಲು ದಾಟಿಸಿ ಇನ್ನೊಂದನ್ನು ಆಮೇಲೆ ಎಳೆದುಕೊಂಡಳು. ಹೊಸಿಲು ದಾಟಿದ ಮಗುವಿನ ಹೆಸರಲ್ಲಿ ಕಡುಬು ಮಾಡಿ ನೆರೆಮನೆಗಳಿಗೆ ಹಂಚುವುದು ನಮ್ಮಲ್ಲಿ ಶಾಸ್ತ್ರ. ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಅತ್ತೆ ಎಲ್ಲ ಮನೆಗೂ ಕಡುಬು ಕೊಟ್ಟು ಬಂದರು. ತೊಟ್ಟಿಲಲ್ಲಿ ಶಾಲು ಎತ್ತಿ ನೋಡಿದವರ ಮನೆಗೆ ಎರಡು ಜಾಸ್ತಿ.

ಮತ್ತೆ ಹಣ್ಣಿನ ಕಾಲ ಬಂದು ಅವಳಿಗೆ ಒಂದು ವರ್ಷ ತುಂಬಿತು. ಹಗಲು ಬೂಟು ಇಲ್ಲ, ಮಲಗುವಾಗ ಮಾತ್ರ. ಕಾಫಿ ಮೂಟೆ ಹಿಡಿದು ನಿಲ್ಲುತ್ತಿದ್ದಳು, ಆದರೆ ಕೈ ಬಿಡುತ್ತಿರಲಿಲ್ಲ. ಅದೇ ತಿಂಗಳಲ್ಲಿ ಹುಟ್ಟಿದ ಆಳುಗಳ ಲೈನ್ ಮನೆಯ ಮಗು ಕಣದ ತುಂಬ ಓಡುತ್ತಿತ್ತು. ನಮ್ಮ ಮನೆಯವರು ಸಂಜೆ ಬಂದು ಅವಳ ಕಾಲಿನ ಕಡೆ ನೋಡುತ್ತಿದ್ದರು. ನಾನು ಅವರಿಗೆ ಕಾಫಿ ಕೊಡುತ್ತಿದ್ದೆ.

ಮತ್ತೆ ಯುಗಾದಿ, ಮತ್ತೆ ಸುಗ್ಗಿ. ಈ ಸಲ ನಾನು ಚೌಕಾಸಿಗೆ ಹೋಗಲಿಲ್ಲ. ಗೌಡರು ಒಪ್ಪಿದರೂ ಬಿಟ್ಟರೂ ಅತ್ತೆಯ ಭಯ ಒಪ್ಪುವುದಿಲ್ಲ. ಡಾಕ್ಟರ ಲೆಕ್ಕದಲ್ಲಿ ರಿಯಾಯಿತಿ ಇಲ್ಲ, ಸುಗ್ಗಿಯ ಲೆಕ್ಕದಲ್ಲೂ ಇಲ್ಲ. ಹಾಗಾಗಿ ಸುಗ್ಗಿ ಸಾರುವ ಮೊದಲೇ ಮಗುವನ್ನು ಕರೆದುಕೊಂಡು ಅಂಗಡಿಯ ಹಿಂದಿನ ಕೋಣೆಗೆ ಹೋಗುವುದು ಅಂತ ತೀರ್ಮಾನಿಸಿದೆ. ಅಂಗಡಿ ಊರ ಗಡಿಯಿಂದ ಆಚೆ. ಅತ್ತೆಗೆ ಹೇಳಿದೆ. ಈ ಸಲ ಪಕ್ಕದಲ್ಲಿ ಕೂತು ಹೇಳಿದೆ.

ಅವರು ಎದ್ದು ಹೋಗಿ ತಮ್ಮ ಚಾಪೆ ಸುತ್ತಿ ತಂದರು. "ನೀನು ಅಂಗಡಿ ನೋಡ್ತೀಯೋ ಕೂಸು ನೋಡ್ತೀಯೋ? ನಾನೂ ಬತ್ತೀನಿ."

ಮದುವೆಯಾಗಿ ಬಂದ ವರ್ಷದಿಂದ ಅವರು ಒಂದು ಸುಗ್ಗಿಯನ್ನೂ ತಪ್ಪಿಸಿದವರಲ್ಲ. ನಮ್ಮ ಮನೆಯಿಂದ ದೇವಿಗೆ ಹೋಗುವ ಆರತಿ ತಟ್ಟೆ ಮನೆಯ ಹಿರಿಯ ಹೆಂಗಸಿನ ಕೈಯಲ್ಲೇ ಹೋಗಬೇಕು. ಸುದ್ದಿ ಹಬ್ಬಿದ್ದೇ ತಡ, ಅತ್ತೆಯ ಓರಗಿತ್ತಿ ಅಂಗಳಕ್ಕೇ ಬಂದರು.

"ಏನಕ್ಕಯ್ಯ, ಮೊಮ್ಮಗಳ ಬೂಟಿಗೋಸ್ಕರ ಅಮ್ಮನ್ನೇ ಬುಟ್ಟು ಹೊಂಟ್ಯಂತೆ?"

"ಆರತಿ ನೀನೇ ತಗೊಂಡೋಗು ಮಾರಾಯ್ತಿ. ಎಷ್ಟು ವರ್ಷದಿಂದ ಆ ತಟ್ಟೆ ಮೇಲೆ ನಿನ್ನ ಕಣ್ಣಿತ್ತು."

"ಅಲ್ಲಾ, ಅಮ್ಮ ಏನಂದುಕೊಂಡಾಳು?"

"ಅಮ್ಮ ಬರೋ ವರ್ಷನೂ ಇಲ್ಲೇ ಇರ್ತಾಳೆ ಕಣೇ. ಇವಳ ಕಾಲು ಕಾಯಲ್ಲ."

ಮಾತು ಜೋರಾಗಿತ್ತು. ಆದರೆ ಗಡಿಕಲ್ಲು ದಾಟುವಾಗ ಅವರು ನಿಂತು, ಹಿಂದಕ್ಕೆ ತಿರುಗಿ, ಕೈ ಮುಗಿದು, ಕೆನ್ನೆ ಕೆನ್ನೆ ಬಡಿದುಕೊಂಡಿದ್ದನ್ನು ನಾನು ನೋಡಿದೆ. ಮಗು ಅವರ ಸೊಂಟದ ಮೇಲಿತ್ತು. ಅದೂ ತನ್ನ ಕೆನ್ನೆ ಬಡಿದುಕೊಂಡಿತು.

ಅಂಗಡಿಯ ಕೋಣೆಯಲ್ಲಿ ಲಾರಿಗಳ ಸದ್ದು ನಿಲ್ಲುವುದೇ ಇಲ್ಲ. ಮಾರನಹಳ್ಳಿ ಕಡೆಯಿಂದ ಘಾಟಿ ಹತ್ತಿ ಬರುವ ಟ್ಯಾಂಕರುಗಳಿಗೆ ಗೋಡೆ ನಡುಗುತ್ತದೆ. ಅತ್ತೆ ಅಲ್ಲೂ ಬರಿಗಾಲಲ್ಲೇ ಓಡಾಡಿದರು. ಚಪ್ಪಲಿ ತಂದೇ ಇರಲಿಲ್ಲ. ನಾನು ಅವಲಕ್ಕಿಗೆ ಒಗ್ಗರಣೆ ಹಾಕಲು ಎಣ್ಣೆ ಕಾಯಿಸಿದರೆ ಬಾಣಲೆಯನ್ನೇ ಇಳಿಸಿಬಿಟ್ಟರು.

"ಅತ್ತೆ, ಇದು ಊರ ಗಡಿ ಆಚೆ."

"ಗಡಿ ಆಚೆ ಇರೋದು ಅಂಗಡಿ. ನಾನಲ್ಲ."

ರಜೆಗೆ ಬಂದ ಗಿರಾಕಿಗಳು ಒಗ್ಗರಣೆ ಅವಲಕ್ಕಿ ಕೇಳಿದರೆ ನಾನು "ಖಾಲಿ ಆಯ್ತು" ಅಂದು ಜೋಳ ಮುಂದಿಟ್ಟೆ. ವ್ಯಾಪಾರ ಸ್ವಲ್ಪ ಬಿತ್ತು. ಬೀಳಲಿ ಅಂತ ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಸುಗ್ಗಿ ಕುಣಿತದ ದಿನ ಸಂಜೆ ಗಾಳಿ ನಮ್ಮ ಕಡೆ ತಿರುಗಿತು. ಎರಡು ಲಾರಿಗಳ ನಡುವಿನ ಬಿಡುವಿನಲ್ಲಿ ಡೋಲಿನ ಸದ್ದು ಬಂತು. ಹೋಯಿತು, ಮತ್ತೆ ಬಂತು. ಅತ್ತೆ ಕೋಣೆಯ ಬಾಗಿಲಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದು ಆರತಿ ಎತ್ತುವ ಹೊತ್ತು ಅಂತ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮಗು ಕಣ್ಣುಜ್ಜುತ್ತಿದ್ದಳು, ನಿದ್ದೆ ಬರುತ್ತಿತ್ತು. ಅತ್ತೆ ಬೂಟು ಹತ್ತಿರ ಎಳೆದುಕೊಂಡರು. ಮೊದಲು ಕಾಲುಚೀಲ ಸುಕ್ಕಿಲ್ಲದಂತೆ ಎಳೆದರು. ಹಿಮ್ಮಡಿಯನ್ನು ಹೆಬ್ಬೆರಳಿಂದ ಒತ್ತಿ ಕೂರಿಸಿದರು. ಪಟ್ಟಿ ಎಳೆದರು. ತೂತು ಸಿಗಲಿಲ್ಲ. ಇನ್ನೊಂದು ಸಲ ಎಳೆದರು. ನಾನು ಸಹಾಯಕ್ಕೆ ಬಗ್ಗಿದೆ.

"ಬ್ಯಾಡ. ನಾನೇ ಹಾಕ್ತೀನಿ" ಅಂದರು. "ನಾನು ಬಿಚ್ಚಿದ್ದು ಅವಳು ನೋಡವ್ಳೆ. ಹಾಕೋದನ್ನೂ ನೋಡ್ಲಿ."

ಅವಳು ಅಂದರೆ ಮಗುವೋ ಊರಮ್ಮನೋ ಅಂತ ನಾನು ಕೇಳಲಿಲ್ಲ. ಬಕಲ್ಲು ಕೂತಿತು. ನನ್ನನ್ನು ಮುಟ್ಟಿ ನೋಡು ಅಂದರು. ನೋಡಿದೆ. ಸರಿಯಾದ ತೂತು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ರಸ್ತೆ ಬದಿ ಕಾರು ನಿಲ್ಲಿಸಿ ಯಾರೋ "ಜೇನು ಎಷ್ಟಮ್ಮಾ?" ಅಂತ ಕೂಗಿದರು. ನಾನು ಎದ್ದು ಹೋಗಿ ಮೊದಲ ಮಾತಿಗೇ ಕೊನೆ ಬೆಲೆ ಹೇಳಿ ಕಳಿಸಿದೆ.

ಅವಳು ನಡೆದದ್ದು ಹಲಸಿನ ಕಾಲದಲ್ಲಿ, ಮಳೆ ಶುರುವಾಗುವ ಮೊದಲು. ಅಂಥ ವಿಶೇಷ ಏನೂ ನಡೆಯಲಿಲ್ಲ. ಜಗಲಿಯಲ್ಲಿ ಅತ್ತೆ ಹಲಸು ಬಿಡಿಸುತ್ತಿದ್ದರು, ಇವಳು ಕಂಬ ಹಿಡಿದು ನಿಂತಿದ್ದಳು. ತೊಳೆ ಕೊಡಲು ಅತ್ತೆ ಏಳಲಿಲ್ಲ, ಕೈಯೆಲ್ಲ ಅಂಟು. ಇವಳು ಕಾದಳು, ಬೈದಳು, ಕೊನೆಗೆ ಕಂಬ ಬಿಟ್ಟು ಬಂದು ತೆಗೆದುಕೊಂಡಳು. ತೆಗೆದುಕೊಂಡ ಮೇಲೆ ತಾನು ಏನು ಮಾಡಿದೆ ಅಂತ ಗೊತ್ತಾಗಿ ಧಪ್ಪನೆ ಕೂತಳು. ಅತ್ತೆ ಅಂಟಿನ ಕೈಯಲ್ಲೇ ಆ ಬಲಪಾದ ಹಿಡಿದುಕೊಂಡರು. ಬಿಡಿಸಲು ಕೊಬ್ಬರಿ ಎಣ್ಣೆ ಬೇಕಾಯಿತು.

ಆಮೇಲಿನ ಎರಡು ಸುಗ್ಗಿಗಳೂ ಅಂಗಡಿಯ ಕೋಣೆಯಲ್ಲೇ ಕಳೆದವು. ಬೂಟು ಚಿಕ್ಕದಾಗುತ್ತಿತ್ತು, ಹೊಸದು ಬರುತ್ತಿತ್ತು. ಮೂರು ವರ್ಷದ ಮಗಳು ರಾತ್ರಿ ಬೂಟು ಹಾಕಿಸಿಕೊಳ್ಳಲು ನನ್ನ ಜೊತೆಯೇ ಚೌಕಾಸಿ ಮಾಡುತ್ತಿದ್ದಳು. "ಒಂದು ಕತೆ ಹೇಳಿದ್ರೆ ಒಂದು ಕಾಲಿಗೆ." ಎರಡು ಕತೆ ಹೇಳುತ್ತಿದ್ದೆ. ಬೇರೆ ವಿಷಯದಲ್ಲಿ ಮಕ್ಕಳ ಜೊತೆ ಚೌಕಾಸಿಗೆ ಇಳಿಯಿರಿ, ಅವರಿಗೂ ಬುದ್ಧಿ ಬೆಳೆಯುತ್ತದೆ. ಔಷಧಿ ವಿಷಯದಲ್ಲಿ ಮಾತ್ರ ಕತೆಯ ಲೆಕ್ಕ ಹೆಚ್ಚಲಿ, ಗಂಟೆಯ ಲೆಕ್ಕ ಇಳಿಯದಿರಲಿ.

ನಾಲ್ಕು ತುಂಬಿದ ಮೇಲೆ ಡಾಕ್ಟರು ಅವಳನ್ನು ವರಾಂಡದ ಉದ್ದಕ್ಕೂ ನಡೆಸಿದರು, ಕುಕ್ಕರುಗಾಲಲ್ಲಿ ಕೂರಿಸಿದರು, ಹಿಮ್ಮಡಿ ಮೇಲೆ ನಿಲ್ಲಿಸಿದರು. "ಬೂಟು ಸಾಕು" ಅಂದರು. ನಾನು ಕೇಳಿದೆ, "ಇನ್ನು ತಿರುಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

"ಕೊಡಲ್ಲಮ್ಮ. ಪಾದ ಇನ್ನೊಂದಕ್ಕಿಂತ ಸ್ವಲ್ಪ ಚಿಕ್ಕದಾಗೇ ಇರತ್ತೆ, ಮೀನಖಂಡ ಸಣ್ಣಗೇ ಇರತ್ತೆ. ಬೆಳೆಯೋವರೆಗೆ ಕಣ್ಣಿಟ್ಟಿರಿ. ಹಿಮ್ಮಡಿ ನೆಲ ಬಿಡೋಕೆ ಶುರುವಾದ್ರೆ ಬನ್ನಿ."



ಆ ವರ್ಷದ ಸುಗ್ಗಿಗೆ ಅತ್ತೆ ಆರತಿ ತಟ್ಟೆಯನ್ನು ಓರಗಿತ್ತಿಯಿಂದ ವಾಪಸು ಕೇಳಲಿಲ್ಲ. "ಅವಳೇ ಹಿಡೀಲಿ, ನಂಗೆ ಕೈ ಖಾಲಿ ಬೇಕು" ಅಂದರು. ಒಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದು ಬರಿಗಾಲಲ್ಲಿ ಹೊರಟರು. ಸುಗ್ಗಿ ಬಯಲಿಗೆ ಹೋಗುವ ದಾರಿ ಏರು, ಜಲ್ಲಿ ಎದ್ದಿತ್ತು, ಬಿಸಿಲಿಗೆ ಕಾದಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಗಳು ನಿಂತಳು.

"ಅಜ್ಜೀ, ಚುಚ್ತದೆ. ಚಪ್ಪಲಿ ಬೇಕು."

"ಇವತ್ತು ಯಾರೂ ಹಾಕಂಗಿಲ್ಲ ಕಣೇ ಕೂಸೇ. ನೋಡು, ಗೌಡಜ್ಜನೂ ಹಾಕಿಲ್ಲ."

"ಒಂದೇ ಕಾಲಿಗೆ ಹಾಕ್ಕೊಳ್ಳಾ?"

ಸುತ್ತ ಇದ್ದವರು ನಕ್ಕರು. ಗೌಡರು ನನ್ನ ಕಡೆ ತಿರುಗಿ, "ನಿನ್ನ ಮಗಳೇ ಕಣವ್ವ, ಅನುಮಾನನೇ ಇಲ್ಲ" ಅಂದರು. ಅತ್ತೆ ನಗಲಿಲ್ಲ. ಬಗ್ಗಿ ಅವಳ ಬಲಪಾದಕ್ಕೆ ಅಂಟಿದ ಜಲ್ಲಿ ಒರೆಸಿ, ಅಂಗಾಲನ್ನು ಒಂದು ಸಲ ಅಂಗೈಯಲ್ಲಿ ಹಿಡಿದು, ನೆಲದ ಮೇಲೆ ಇಟ್ಟರು. "ನಡಿ" ಅಂದರು. ಎತ್ತಿಕೊಳ್ಳಲಿಲ್ಲ.

ಅವರಿಬ್ಬರೂ ಮುಂದೆ ನಡೆದರು. ನಾನು ಹಿಂದೆ. ಎಲ್ಲರೂ ಡೋಲಿನ ಕಡೆ ನೋಡುತ್ತಿದ್ದರು. ನಾನು ಆ ಸಣ್ಣ ಬಲಗಾಲಿನ ಹಿಮ್ಮಡಿಯನ್ನೇ ನೋಡುತ್ತ ಏರು ಹತ್ತಿದೆ. ಪ್ರತಿ ಹೆಜ್ಜೆಗೂ ಅದು ನೆಲ ಮುಟ್ಟುತ್ತಿತ್ತು. ಎಡಗಾಲಿಗಿಂತ ಒಂದಿಷ್ಟು ತಡವಾಗಿ, ಮೊದಲು ಹೊರಅಂಚು ಊರಿ, ಆಮೇಲೆ ಪೂರ್ತಿ.